ಗೊರಗೊರ ಸದ್ದಿನ ವಂಶಾವಳಿ

2008ರ ಮಳೆಗಾಲ. ಧಾರವಾಡದ ಸಪ್ತಾಪುರದಲ್ಲಿ ನಾವು ಮೂವರು ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್, ಅದಕ್ಕೆ ಸಿಕ್ಕಿಸಿದ ಎರಡು ಸಣ್ಣ ಸ್ಪೀಕರ್ ಇದ್ದವು. ಎಲ್ಲಿಂದಲೋ ಸಿಕ್ಕಿದ ‘ದೇರ್ ವಿಲ್ ಬಿ ಬ್ಲಡ್’ ಸಿನಿಮಾದ ಡಿವಿಡಿ ಹಾಕಿಕೊಂಡು ಕೂತೆವು. ಒಣಗಿದ ಬೆಟ್ಟಗಳ ಚಿತ್ರ ಮೂಡುವ ಹೊತ್ತಿಗೇ ಒಂದು ಸದ್ದು ಏಳತೊಡಗಿತು. ಅದು ರಾಗವಲ್ಲ, ತಾಳವೂ ಇಲ್ಲ. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಹತ್ತಾರು ಸ್ವರಗಳು ಒಟ್ಟಿಗೆ ಎದ್ದು, ಜಾರುತ್ತ ಜಾರುತ್ತ ಎಲ್ಲವೂ ಒಂದೇ ಸ್ವರಕ್ಕೆ ಬಂದು ನಿಂತವು. ಗೆಳೆಯ ಎದ್ದುಹೋಗಿ ವೈರು ಅಲುಗಾಡಿಸಿದ. “ಸ್ಪೀಕರ್ ಹೋತಲೇ” ಅಂದ. ಸ್ಪೀಕರಿಗೆ ಏನೂ ಆಗಿರಲಿಲ್ಲ.

ಆ ಸಿನಿಮಾದ ಮೊದಲ ಹದಿನಾಲ್ಕು ಹದಿನೈದು ನಿಮಿಷ ಮಾತೇ ಇಲ್ಲವೆನ್ನಬಹುದು. 1898ನೆಯ ಇಸವಿ. ಡೇನಿಯಲ್ ಪ್ಲೇನ್‌ವ್ಯೂ ಎಂಬಾತ ಬೆಳ್ಳಿ ಹುಡುಕುತ್ತ ಒಬ್ಬನೇ ಗುಂಡಿ ತೋಡುತ್ತಾನೆ, ಅದರೊಳಗೆ ಬಿದ್ದು ಕಾಲು ಮುರಿದುಕೊಳ್ಳುತ್ತಾನೆ, ತೆವಳುತ್ತ ಹೊರಬರುತ್ತಾನೆ. ಅವನು ಎಂಥ ಮನುಷ್ಯ ಎಂದು ಯಾರೂ ಹೇಳುವುದಿಲ್ಲ. ಆ ಸದ್ದು ಹೇಳುತ್ತದೆ. ಸಿನಿಮಾ ಮುಗಿದು ಹೆಸರುಗಳು ಬರುವಾಗ ಸಂಗೀತ ಯಾರದೆಂದು ನೋಡಿದೆ. ಜಾನಿ ಗ್ರೀನ್‌ವುಡ್. ಆ ಹೆಸರು ನನಗೆ ಚೆನ್ನಾಗಿ ಗೊತ್ತಿತ್ತು. ಕಾಲೇಜಿನ ನಮ್ಮ ಹರಕುಮುರುಕು ಬ್ಯಾಂಡಿನಲ್ಲಿ ನಾನು ಗಿಟಾರ್ ಬಾರಿಸುತ್ತಿದ್ದೆ. ರೇಡಿಯೊಹೆಡ್ ತಂಡದ ‘ಕ್ರೀಪ್’ ಹಾಡದೆ ನಮ್ಮ ಯಾವ ಕಾರ್ಯಕ್ರಮವೂ ಮುಗಿಯುತ್ತಿರಲಿಲ್ಲ. ಆ ಹಾಡಿನ ನಡುವೆ ಬಂದೂಕು ಸಿಡಿದ ಹಾಗೆ ಬರುವ ಗಿಟಾರಿನ ಪೆಟ್ಟು ಇದೇ ಗ್ರೀನ್‌ವುಡ್‌ನದು. ಹಾಡು ತೀರಾ ಮೆತ್ತಗಿದೆಯೆಂದು ಬೇಸರಗೊಂಡು ಅದನ್ನು ಕೆಡಿಸಲೆಂದೇ ಆತ ಹಾಗೆ ಬಾರಿಸಿದ್ದೆಂದು ತಂಡದವರೇ ಹೇಳಿಕೊಂಡಿದ್ದಾರೆ. ಕೆಡಿಸಲು ಹೋದದ್ದೇ 1992ರ ಆ ಹಾಡಿನ ಗುರುತಾಯಿತು.

ಅಂಥ ಮನುಷ್ಯ ಪಿಟೀಲುಗಳ ದೊಡ್ಡ ಮೇಳವೊಂದಕ್ಕೆ ಹೀಗೆ ಬರೆಯಬಲ್ಲವನಾದದ್ದು ಹೇಗೆ? ಆ ಪ್ರಶ್ನೆ ಹಿಡಿದು ಹೊರಟ ನನಗೆ ಕೊನೆಗೆ ಸಿಕ್ಕಿದ್ದು ಬೇರೆಯದೇ ಪ್ರಶ್ನೆ: ಸಂಗೀತದಲ್ಲಿ ‘ಸ್ವಂತದ್ದು’ ಎಂದರೆ ಯಾವುದು?

ರಾಕ್ ಸಂಗೀತದಿಂದ ಸಿನಿಮಾಕ್ಕೆ ಬಂದವರಲ್ಲಿ ಗ್ರೀನ್‌ವುಡ್ ಮೊದಲಿಗನಲ್ಲ. ಜರ್ಮನಿಯ ಪೋಪೊಲ್ ವೂ ತಂಡ ಎಪ್ಪತ್ತರ ದಶಕದಲ್ಲೇ ವೆರ್ನರ್ ಹೆರ್ಜೋಗ್‌ನ ಚಿತ್ರಗಳಿಗೆ ಸಂಗೀತ ಕೊಟ್ಟಿತ್ತು. ಡೈರ್ ಸ್ಟ್ರೇಟ್ಸ್‌ನ ಮಾರ್ಕ್ ನಾಫ್ಲರ್ 1983ರಲ್ಲಿ ‘ಲೋಕಲ್ ಹೀರೊ’ ಮಾಡಿದ. ಆಯಿಂಗೊ ಬಾಯಿಂಗೊ ತಂಡದ ಡ್ಯಾನಿ ಎಲ್ಫ್‌ಮನ್ 1989ರ ‘ಬ್ಯಾಟ್‌ಮನ್’ ಹೊತ್ತಿಗೆ ಹಾಲಿವುಡ್ಡಿನ ದೊಡ್ಡ ಹೆಸರಾಗಿದ್ದ. 1979ರ ‘ವಿಡಿಯೊ ಕಿಲ್ಡ್ ದ ರೇಡಿಯೊ ಸ್ಟಾರ್’ ಹಾಡಿನ ವಿಡಿಯೊದಲ್ಲಿ ಕೀಬೋರ್ಡುಗಳ ಹಿಂದೆ ಒಬ್ಬ ಯುವಕ ಕಾಣಿಸುತ್ತಾನಲ್ಲ, ಅವನೇ ಹ್ಯಾನ್ಸ್ ಜಿಮ್ಮರ್. ಇವರಲ್ಲಿ ಕೆಲವರು ತಮ್ಮ ತಂಡದ ನಾದವನ್ನೇ ಸಿನಿಮಾಕ್ಕೆ ತಂದರು. ಕೆಲವರು ಹಾಲಿವುಡ್ಡಿನ ದೊಡ್ಡ ಮೇಳದ ಭಾಷೆ ಕಲಿತರು. ಗ್ರೀನ್‌ವುಡ್‌ನ ದಾರಿ ಸ್ವಲ್ಪ ಬೇರೆ. ಅದು ಶುರುವಾದದ್ದು ಒಂದು ಕಾರಿನಲ್ಲಿ.

ಆತ ಹುಟ್ಟಿದ್ದು 1971ರಲ್ಲಿ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ನಲ್ಲಿ. ಮನೆಯವರ ಕಾರಿನಲ್ಲಿದ್ದದ್ದು ಬೆರಳೆಣಿಕೆಯ ಕ್ಯಾಸೆಟ್ಟುಗಳು: ಮೊಟ್ಸಾರ್ಟ್‌ನ ಹಾರ್ನ್ ಕಾನ್ಚೆರ್ಟೊಗಳು, ಒಂದೆರಡು ಸಂಗೀತ ನಾಟಕ, ಸೈಮನ್ ಮತ್ತು ಗಾರ್ಫಂಕಲ್ ಹಾಡುಗಳನ್ನು ಬೇರೆ ಯಾರೋ ಹಾಡಿದ್ದು. ಕ್ಯಾಸೆಟ್ ಓಡದಿದ್ದಾಗ ಹುಡುಗ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಅದರೊಳಗೆ ಆ ಹಾಡುಗಳ ಒಂದೊಂದು ವಿವರವನ್ನೂ ನೆನಪಿನಿಂದ ಕೇಳಿಸಿಕೊಳ್ಳುತ್ತಿದ್ದನಂತೆ. ನನ್ನ ಪ್ರಕಾರ ಅವನ ಮುಂದಿನ ಕೆಲಸವೆಲ್ಲ ಈ ಒಂದು ಅಭ್ಯಾಸದಲ್ಲಿದೆ. ಬರೀ ಗದ್ದಲವೆಂದು ನಾವು ಬಿಡುವುದರೊಳಗೆ ಏನೋ ಇದೆಯೆಂದು ಕಾಯುತ್ತ ಕೂರುವುದು.

ಮುಂದೆ ಆತ ವಿಯೋಲಾ ಕಲಿತು ಮಕ್ಕಳ ಆರ್ಕೆಸ್ಟ್ರಾವೊಂದರಲ್ಲಿ ಬಾರಿಸಿದ. ಆಬಿಂಗ್‌ಡನ್ ಶಾಲೆಯಲ್ಲಿ ಅಣ್ಣ ಕಾಲಿನ್ ಮತ್ತು ಅವನ ಗೆಳೆಯರು ಕಟ್ಟಿದ್ದ ತಂಡಕ್ಕೆ ಎಲ್ಲರಿಗಿಂತ ಕಿರಿಯನಾಗಿ ಸೇರಿದ. ಅಭ್ಯಾಸ ನಡೆಯುತ್ತಿದ್ದ ದಿನವೇ ತಂಡದ ಹೆಸರು, ‘ಆನ್ ಎ ಫ್ರೈಡೆ’. ಆಗಿನ ಒಂದು ತಮಾಷೆಯನ್ನು ಗ್ರೀನ್‌ವುಡ್ ಸಂದರ್ಶನದಲ್ಲಿ ಹೇಳಿದ್ದಾನೆ. ಕೀಬೋರ್ಡಿನವನೊಬ್ಬ ತೀರಾ ಜೋರಾಗಿ ಬಾರಿಸುತ್ತಿದ್ದುದರಿಂದ ಅವನನ್ನು ಬಿಟ್ಟಿದ್ದರಂತೆ. ತನಗೂ ಅದೇ ಗತಿಯಾದೀತೆಂಬ ಭಯಕ್ಕೆ ಇವನು ತಿಂಗಳುಗಟ್ಟಲೆ ಕೀಬೋರ್ಡನ್ನು ಆಫ್ ಮಾಡಿಟ್ಟುಕೊಂಡೇ ಬಾರಿಸುವಂತೆ ನಟಿಸಿದ. ಯಾರಿಗೂ ತಿಳಿಯಲಿಲ್ಲ. ಅಷ್ಟೇ ಅಲ್ಲ, ನೀನು ಮಾಡುವುದು ಸರಿಯಾಗಿ ಕೇಳಿಸದಿದ್ದರೂ ಹಾಡಿಗೆ ಏನೋ ಒಂದು ಮೆರುಗು ಬರುತ್ತಿದೆ ಎಂದು ಹಾಡುಗಾರ ಥಾಮ್ ಯಾರ್ಕ್ ಮೆಚ್ಚಿಕೊಂಡ! ದಿನಾ ರಾತ್ರಿ ಮನೆಯಲ್ಲಿ ನಿಜವಾದ ಸ್ವರಗಳನ್ನು ಕಲಿತು, ದನಿಯನ್ನು ಒಂದೊಂದೇ ಗುಂಡಿಯಷ್ಟು ಏರಿಸುತ್ತ ಹೋದನಂತೆ. 1991ರಲ್ಲಿ ತಂಡಕ್ಕೆ ದೊಡ್ಡ ರೆಕಾರ್ಡ್ ಕಂಪನಿಯ ಒಪ್ಪಂದ ಸಿಕ್ಕಿದಾಗ ಗ್ರೀನ್‌ವುಡ್ ಕಾಲೇಜು ಸೇರಿ ಕೆಲವೇ ವಾರಗಳಾಗಿದ್ದವು. ಓದು ಬಿಟ್ಟ. ತಂಡದ ಹೆಸರು ರೇಡಿಯೊಹೆಡ್ ಎಂದಾಯಿತು.

ಇನ್ನೊಂದು ಘಟನೆ ಅದಕ್ಕೂ ಮೊದಲಿನದು. ಹದಿನೈದರ ವಯಸ್ಸಿನಲ್ಲಿ ಆತ ಫ್ರಾನ್ಸಿನ ಒಲಿವಿಯೇ ಮೆಸಿಯಾಂ 1946ರಿಂದ 48ರವರೆಗೆ ಬರೆದ ‘ತುರಂಗಲೀಲಾ’ ಸಿಂಫನಿಯನ್ನು ಕೇಳಿದ. ಹೆಸರು ಕೇಳಿ ನಿಮ್ಮ ಕಿವಿ ನೆಟ್ಟಗಾಗಿರಬೇಕು. ಹೌದು, ಅದು ನಮ್ಮದೇ ಪದ. ಮೆಸಿಯಾಂ ಫ್ರೆಂಚ್ ಸಂಗೀತ ವಿಶ್ವಕೋಶವೊಂದರಲ್ಲಿ ಶಾರ್ಙ್ಗದೇವನ ‘ಸಂಗೀತರತ್ನಾಕರ’ದ 120 ದೇಶಿ ತಾಳಗಳ ಪಟ್ಟಿಯನ್ನು ಕಂಡವನು. ಆ ಲಯಗಳನ್ನು ಬದುಕಿನುದ್ದಕ್ಕೂ ತನ್ನ ಕೃತಿಗಳಲ್ಲಿ ಬಳಸಿದವನು. ತುರಂಗಲೀಲ ಆ ಪಟ್ಟಿಯಲ್ಲಿರುವ ಒಂದು ತಾಳದ ಹೆಸರು. ಶಾರ್ಙ್ಗದೇವ ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರ ದೊರೆ ಸಿಂಘಣನ ಆಸ್ಥಾನದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದ. ಅವನ ಮನೆತನ ಕಾಶ್ಮೀರದಿಂದ ಬಂದದ್ದು. ಸಿಂಘಣನ ರಾಜ್ಯದಲ್ಲಿ ಉತ್ತರ ಕರ್ನಾಟಕದ ಬಹುಭಾಗ ಸೇರಿತ್ತು. ಸೇವುಣರ ಕನ್ನಡ ಶಾಸನಗಳನ್ನು ನಾವು ಓದಿದ್ದೇವೆ. ಇನ್ನೂರು ವರ್ಷದ ಮೇಲೆ ವಿಜಯನಗರದಲ್ಲಿ ಕೂತು ಕಲ್ಲಿನಾಥ ಅದೇ ಗ್ರಂಥಕ್ಕೆ ವ್ಯಾಖ್ಯಾನ ಬರೆದ. ನಾವು ಧಾರವಾಡದ ಕೋಣೆಯಲ್ಲಿ ಕೂತು ‘ಸ್ಪೀಕರ್ ಹೋತು’ ಎಂದ ಸದ್ದಿನ ಹಿಂದೆ, ಎಷ್ಟೋ ಕೈ ದಾಟಿ ಬಂದ ಒಂದು ತೆಳುವಾದ ಎಳೆ ನಮ್ಮ ಸುತ್ತಮುತ್ತಲಿನದೇ ಆಗಿತ್ತು.

ಎಳೆಯನ್ನು ಇದಕ್ಕಿಂತ ಜಗ್ಗಬಾರದು. ಗ್ರೀನ್‌ವುಡ್ ಮೆಸಿಯಾಂನಿಂದ ಮೊದಲು ಪಡೆದದ್ದು ತಾಳವನ್ನಲ್ಲ, ಒಂದು ವಾದ್ಯವನ್ನು. ಓಂದ್ ಮಾರ್ತನೊ ಎಂದು ಅದರ ಹೆಸರು. ಮೊದಲ ಮಹಾಯುದ್ಧದಲ್ಲಿ ರೇಡಿಯೊ ತಂತಿ ಕೆಲಸ ಮಾಡಿದ್ದ, ಚೆಲ್ಲೊ ನುಡಿಸಬಲ್ಲ ಮೊರೀಸ್ ಮಾರ್ತನೊ ಅದನ್ನು 1928ರಲ್ಲಿ ಜನರ ಮುಂದಿಟ್ಟ. ವಿದ್ಯುತ್ತಿನ ವಾದ್ಯವಾದರೂ ನುಡಿಸುವ ಕ್ರಮ ನಮಗೆ ಪರಕೀಯವಲ್ಲ. ಬೆರಳಿಗೆ ಉಂಗುರ ತೊಟ್ಟು ಒಂದು ದಾರದ ಗುಂಟ ಸರಿಸುತ್ತ ಹೋದರೆ ಸ್ವರ ಮೀಂಡಿನ ಹಾಗೆ ಜಾರುತ್ತದೆ. ಎಡಗೈ ದನಿಯ ಏರಿಳಿತ ನೋಡಿಕೊಳ್ಳುತ್ತದೆ. ರೇಡಿಯೊಹೆಡ್‌ನ 2000ದ ‘ಕಿಡ್ ಎ’ ಆಲ್ಬಮ್ಮಿನಲ್ಲಿ ಗ್ರೀನ್‌ವುಡ್ ಇದನ್ನು ತಂದ. ಅದೇ ಆಲ್ಬಮ್ಮಿನ ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ ಹಾಡಿಗೆ ತಂತಿವಾದ್ಯಗಳ ಮೇಳಕ್ಕಾಗಿ ಬರೆದ. ತಂಡದಲ್ಲಿ ಸ್ವರಲಿಪಿ ಬಲ್ಲವನು ಅವನೊಬ್ಬನೇ. ಡಾರ್ಚೆಸ್ಟರ್ ಊರಿನ ಹಳೆಯ ಚರ್ಚಿನಲ್ಲಿ ಮುದ್ರಣ. ಹಾಳೆ ನೋಡಿದ ವಾದಕರಲ್ಲಿ ಕೆಲವರು ಇದನ್ನು ಬಾರಿಸುವುದು ಹೇಗೆಂದು ನಕ್ಕರಂತೆ. ಆಮೇಲೆ ಬಾರಿಸಿದರು.

ಆ ನಗುವಿನ ಹಿಂದೆ ಇನ್ನೊಬ್ಬ ಹಿರಿಯನಿದ್ದಾನೆ: ಪೋಲೆಂಡಿನ ಕ್ಷಿಷ್ಟೋಫ್ ಪೆಂಡೆರೆಟ್ಸ್ಕಿ. ಆತ 1960ರಲ್ಲಿ 52 ತಂತಿವಾದ್ಯಗಳಿಗೆ ಒಂದು ಕೃತಿ ಬರೆದ. ಅದರ ಮೊದಲ ಹೆಸರು ಬರೀ ಅದರ ಅವಧಿ, ಎಂಟು ನಿಮಿಷ ಮೂವತ್ತೇಳು ಸೆಕೆಂಡು. ಆಮೇಲೆ ಅದನ್ನು ಹಿರೋಶಿಮಾದಲ್ಲಿ ಸತ್ತವರಿಗೆ ಅರ್ಪಿಸಿದ. ಪಕ್ಕಪಕ್ಕದ ಸ್ವರಗಳನ್ನೆಲ್ಲ ಒಟ್ಟಿಗೆ ಹಿಡಿದು ನಿಲ್ಲಿಸುವುದು, ಇಡೀ ಗುಂಪನ್ನು ಮೇಲೆ ಕೆಳಗೆ ಜಾರಿಸುವುದು ಅದರ ರೀತಿ. ಹಾಳೆಯ ಮೇಲೆ ಸ್ವರಗಳ ಬದಲು ದಪ್ಪ ಕಪ್ಪು ಪಟ್ಟಿಗಳು. ಸಿನಿಮಾದವರು ಈ ಬಗೆಯ ನಾದವನ್ನು ಬೇಗ ಹಿಡಿದುಕೊಂಡರು. 1973ರ ‘ದಿ ಎಕ್ಸಾರ್ಸಿಸ್ಟ್’, 1980ರ ‘ದ ಶೈನಿಂಗ್’ ಎರಡರಲ್ಲೂ ಪೆಂಡೆರೆಟ್ಸ್ಕಿಯ ಸಂಗೀತವಿದೆ. ಹೀಗಾಗಿ ಅದು ಎಂದರೆ ದೆವ್ವ, ಅದು ಎಂದರೆ ಭೀತಿ ಎಂಬ ರೂಢಿಯೂ ಬಂತು.

ಗ್ರೀನ್‌ವುಡ್ ಕೇಳಿದ್ದು ಬೇರೆ. 2003ರಲ್ಲಿ ಸೈಮನ್ ಪಮ್ಮೆಲ್‌ನ ‘ಬಾಡಿಸಾಂಗ್’ ಸಾಕ್ಷ್ಯಚಿತ್ರಕ್ಕೆ ಸಂಗೀತ ಕೊಟ್ಟು ಸಿನಿಮಾಕ್ಕೆ ಕಾಲಿಟ್ಟಿದ್ದ. ಮರುವರ್ಷ ಬಿಬಿಸಿ ಕಾನ್ಸರ್ಟ್ ಆರ್ಕೆಸ್ಟ್ರಾ ಅವನನ್ನು ತನ್ನ ಸಂಯೋಜಕನಾಗಿ ಕರೆಯಿತು. ಅಲ್ಲಿ ಬರೆದು 2005ರಲ್ಲಿ ನುಡಿಸಿದ ಕೃತಿ ‘ಪಾಪ್‌ಕಾರ್ನ್ ಸೂಪರ್‌ಹೆಟ್ ರಿಸೀವರ್’. ಸೂಪರ್‌ಹೆಟ್ ಎನ್ನುವುದು ನಮ್ಮ ಮನೆಗಳಲ್ಲಿದ್ದ ಹಳೆಯ ರೇಡಿಯೊಗಳೊಳಗಿನ ಜೋಡಣೆಯ ಹೆಸರೇ. ಆಕಾಶವಾಣಿಯ ಒಂದು ನಿಲಯದಿಂದ ಇನ್ನೊಂದಕ್ಕೆ ಮುಳ್ಳು ತಿರುಗಿಸುವಾಗ ನಡುವೆ ಗೊರಗೊರ ಎನ್ನುತ್ತಿತ್ತಲ್ಲ, ಆ ಸದ್ದೇ ಈ ಕೃತಿಯ ಮೂಲ. ಅದನ್ನು ಆತ 34 ತಂತಿವಾದ್ಯಗಳಿಗೆ ಬರೆದ, ಒಬ್ಬೊಬ್ಬರಿಗೂ ಬೇರೆ ಬೇರೆ ಸಾಲು. ಗೊರಗೊರ ಸದ್ದು ಬೇಕಿದ್ದರೆ ಕಂಪ್ಯೂಟರಿನ ಒಂದು ಗುಂಡಿ ಒತ್ತಿದರೆ ಸಾಕಿತ್ತು. ಆದರೆ 34 ಜನ ಒಂದು ಕೋಣೆಯಲ್ಲಿ ಕೂತು ಒಂದೊಂದು ಸ್ವರವನ್ನು ಅಲುಗದಂತೆ ಹಿಡಿಯಲು ಹೆಣಗುತ್ತಾರೆ. ಯಾರಿಗೂ ಪೂರ್ತಿ ಸಾಧ್ಯವಾಗುವುದಿಲ್ಲ. ಆ ಸಣ್ಣ ಸಣ್ಣ ಸೋಲುಗಳೆಲ್ಲ ಕೂಡಿ ಸದ್ದಿಗೆ ಜೀವ ಬರುತ್ತದೆ. ವಿದ್ಯುತ್ ಗಿಟಾರಿನಿಂದ ಬಂದವನು ಯಂತ್ರವನ್ನು ಬಿಟ್ಟು ಮನುಷ್ಯರ ಕೈಗಳನ್ನು ಆರಿಸಿಕೊಂಡ.

ಈ ಕೃತಿಯನ್ನು ಕೇಳಿದ ಅಮೆರಿಕದ ನಿರ್ದೇಶಕ ಪಾಲ್ ಥಾಮಸ್ ಆಂಡರ್‌ಸನ್ ತನ್ನ ಹೊಸ ಚಿತ್ರಕ್ಕೆ ಅವನನ್ನು ಕರೆದ. ಅಪ್ಟನ್ ಸಿಂಕ್ಲೇರ್‌ನ 1927ರ ‘ಆಯಿಲ್!’ ಕಾದಂಬರಿಯನ್ನು ಆಧರಿಸಿದ ಚಿತ್ರ. ಎಣ್ಣೆಬಾವಿಗೆ ಬೆಂಕಿ ಬೀಳುವ ದೃಶ್ಯ ನೆನಪಿಸಿಕೊಳ್ಳಿ. ನೆಲದಿಂದ ಅನಿಲ ಚಿಮ್ಮಿ ಪ್ಲೇನ್‌ವ್ಯೂನ ಸಾಕುಮಗನ ಕಿವಿ ಹೋಗುತ್ತದೆ. ಹುಡುಗನಿಗೆ ಏನೂ ಕೇಳಿಸುತ್ತಿಲ್ಲ. ನಮಗೆ ಮಾತ್ರ ತಾಳವಾದ್ಯಗಳ ಬಡಿತ ಬಿಡದೆ ಕೇಳುತ್ತಿದೆ, ಒಂದರ ಮೇಲೊಂದು ಬಿದ್ದು ಸರಿಯುತ್ತ, ಮತ್ತೆ ಕೂಡುತ್ತ. ಮಗನನ್ನು ಬಿಟ್ಟು ಅಪ್ಪ ಉರಿಯುವ ಬಾವಿಯನ್ನು ನೋಡುತ್ತ ನಿಲ್ಲುತ್ತಾನೆ, ಮುಖದ ಮೇಲೆ ಎಣ್ಣೆ, ಕಣ್ಣಲ್ಲಿ ಬೆಂಕಿಯ ಬೆಳಕು. ಅಳು ತರಿಸುವ ಒಂದು ರಾಗವನ್ನು ಅಲ್ಲಿ ಯಾರು ಬೇಕಾದರೂ ಹಾಕಬಹುದಿತ್ತು. ಈ ಬಡಿತ ನಮ್ಮನ್ನು ಅಳಲು ಬಿಡುವುದಿಲ್ಲ. ಬಾವಿಯ ಹಸಿವಿನ ಜೊತೆ ನಮ್ಮ ಎದೆಯನ್ನೂ ಓಡಿಸುತ್ತದೆ. ಪ್ಲೇನ್‌ವ್ಯೂ ಮಾಡಿದ್ದರಲ್ಲಿ ನಾವೂ ಪಾಲುದಾರರಾಗಿಬಿಡುತ್ತೇವೆ.

2008ರ ಜನವರಿಯಲ್ಲಿ ಆಸ್ಕರ್ ನಾಮನಿರ್ದೇಶನಗಳು ಬಂದಾಗ ಈ ಸಂಗೀತದ ಹೆಸರು ಪಟ್ಟಿಯಲ್ಲಿರಲಿಲ್ಲ. ಸ್ಪರ್ಧೆಗೇ ಅನರ್ಹ ಎಂದು ಅಕಾಡೆಮಿ ತೀರ್ಮಾನಿಸಿತ್ತು. ಕಾರಣ, ಮೊದಲೇ ಇದ್ದ ಸಂಗೀತ ಬೆರೆತು ಮೂಲ ಸಂಗೀತ ತೆಳುವಾಗಿದೆ ಎಂಬುದು. ಚಿತ್ರದಲ್ಲಿ ‘ಪಾಪ್‌ಕಾರ್ನ್’ ಕೃತಿಯ ಭಾಗಗಳಿವೆ, ಎಣ್ಣೆಬಾವಿಯ ಆ ಬಡಿತ ‘ಬಾಡಿಸಾಂಗ್’ಗಾಗಿ ಮಾಡಿದ್ದು, ಜೊತೆಗೆ ಬ್ರಾಮ್ಸ್‌ನ ಪಿಟೀಲು ಕಾನ್ಚೆರ್ಟೊ, ಆರ್ವೊ ಪಾರ್ಟ್‌ನ ‘ಫ್ರಾತ್ರೆಸ್’ ಕೂಡ ಇವೆ. ಮುಂದಿನ ತಿಂಗಳು ಬರ್ಲಿನ್ ಚಿತ್ರೋತ್ಸವ ಇದೇ ಸಂಗೀತಕ್ಕೆ ಬೆಳ್ಳಿ ಕರಡಿಯ ಪ್ರಶಸ್ತಿ ಕೊಟ್ಟಿತು.

ಇದನ್ನು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಈಗ ಅಷ್ಟು ಬರುವುದಿಲ್ಲ. ನಿಯಮಕ್ಕೂ ಒಂದು ನ್ಯಾಯವಿದೆ. ಚಿತ್ರಕ್ಕೆಂದೇ ಕೂತು ಬರೆದವರನ್ನು ಗುರುತಿಸುವ ಪ್ರಶಸ್ತಿ ಅದು. ಹಾಗಿಲ್ಲದಿದ್ದರೆ ಬ್ರಾಮ್ಸ್ ಪ್ರತಿ ವರ್ಷ ಗೆಲ್ಲುತ್ತಿದ್ದ. ನನ್ನನ್ನು ಕಾಡಿದ್ದು ಬೇರೆ. ‘ಮೂಲ’ ಎಂಬ ಆ ಪದವನ್ನು ನಾನೂ ಹೆಚ್ಚುಕಡಿಮೆ ಅದೇ ಅರ್ಥದಲ್ಲಿ ನಂಬಿದ್ದೆ.

ಗಿಟಾರ್ ಹಿಡಿಯುವ ಮೊದಲು ಎರಡು ವರ್ಷ ನಾನು ಹಿಂದುಸ್ತಾನಿ ಗಾಯನ ಕಲಿಯಲು ಹೋಗುತ್ತಿದ್ದೆ. ಗುರುಗಳು ಒಂದು ತುಣುಕು ಹಾಡುವರು, ನಾನು ಅದನ್ನೇ ಹಾಡಬೇಕು. ಮತ್ತೆ ಅದೇ. ಇಪ್ಪತ್ತು ಸಲ ಅದೇ. ಪುಸ್ತಕದಲ್ಲಿ ಬರೆದುಕೊಳ್ಳಲು ಹೋದರೆ ಬೇಡ ಅನ್ನುತ್ತಿದ್ದರು. ಒಂದು ದಿನ ಬೇಸತ್ತು, ಇದರಲ್ಲಿ ನನ್ನದು ಏನು ಬಂತು ಅಂತ ಕೇಳಿಬಿಟ್ಟೆ. “ಮೊದಲ ನನ್ನ ಹಂಗ ಹಾಡು. ಆಮ್ಯಾಲೆ ನಿನ್ನ ಹಂಗ ಹಾಡ್ಲಿಕ್ಕೆ ಬರ್ತದ” ಅಂದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಇನ್ನೊಬ್ಬರ ನಕಲಾಗುವುದಕ್ಕಿಂತ ನನ್ನದೇ ಏನಾದರೂ ಮಾಡುತ್ತೇನೆಂದು ಕ್ಲಾಸು ಬಿಟ್ಟೆ. ಬಿಟ್ಟು ಮಾಡಿದ್ದೇನು? ‘ಕ್ರೀಪ್’ ಹಾಡಿನ ಗಿಟಾರನ್ನು ಹಾಗೆಯೇ ಬಾರಿಸಿದ್ದು.

ಗ್ರೀನ್‌ವುಡ್‌ನಿಗೆ ಈ ಭಯ ಇದ್ದಂತಿಲ್ಲ. ಪೆಂಡೆರೆಟ್ಸ್ಕಿಯಿಂದ ಪಡೆದೆ ಎನ್ನುವುದನ್ನು ಆತ ಎಂದೂ ಮುಚ್ಚಿಡಲಿಲ್ಲ. 2011ರಲ್ಲಿ ಪೋಲೆಂಡಿನ ವ್ರೋಟ್ಸ್‌ವಾಫ್‌ನಲ್ಲಿ ಇಬ್ಬರ ಕೃತಿಗಳೂ ಒಂದೇ ವೇದಿಕೆಯ ಮೇಲೆ ಬಂದವು. ಮರುವರ್ಷ ಒಂದೇ ಆಲ್ಬಮ್ಮಾಗಿಯೂ ಬಂದವು. ಹಿರಿಯನ ‘ಪಾಲಿಮಾರ್ಫಿಯಾ’ ಎಂಬ ಕೃತಿಯಲ್ಲಿ 48 ತಂತಿವಾದ್ಯಗಳು ಕಿರುಚಿ, ಕೆರೆದು, ನರಳಿ, ಕೊನೆಗೆ ಯಾರೂ ನಿರೀಕ್ಷಿಸದ ಹಾಗೆ ಒಂದು ನಿರ್ಮಲವಾದ ಸಿ ಮೇಜರ್ ಸ್ವರಮೇಳಕ್ಕೆ ಬಂದು ನಿಲ್ಲುತ್ತವೆ. ಅದಕ್ಕೆ ಉತ್ತರವಾಗಿ ಕಿರಿಯ ಬರೆದ ಕೃತಿ ಹುಟ್ಟುವುದು ಸರಿಯಾಗಿ ಆ ಕೊನೆಯ ಸ್ವರಮೇಳದಿಂದ. ಹಿರಿಯ ಮಾತು ಮುಗಿಸಿದ ಕಡೆ ಕಿರಿಯ ಬಾಯಿ ತೆರೆಯುತ್ತಾನೆ. ನಮ್ಮ ಗುರುಗಳು ಕೇಳಿದ್ದರೆ ಇದನ್ನು ನಕಲು ಎನ್ನುತ್ತಿರಲಿಲ್ಲ, ತಾಲೀಮು ಎನ್ನುತ್ತಿದ್ದರು.

ಮುಂದಿನ ಚಿತ್ರಗಳನ್ನು ಬೇಗ ದಾಟುತ್ತೇನೆ. ಆಂಡರ್‌ಸನ್ ಜೊತೆ ‘ದ ಮಾಸ್ಟರ್’, ‘ಇನ್‌ಹೆರೆಂಟ್ ವೈಸ್’, 2025ರ ‘ಒನ್ ಬ್ಯಾಟಲ್ ಆಫ್ಟರ್ ಅನದರ್’; ಲಿನ್ ರ‍್ಯಾಮ್ಸಿ ಜೊತೆ ಎರಡು ಚಿತ್ರ. 2017ರ ‘ಫ್ಯಾಂಟಮ್ ಥ್ರೆಡ್’ ಕೇಳಿದಾಗ ಇವನೇ ಅವನೇ ಎಂದು ಅಚ್ಚರಿಯಾಗುತ್ತದೆ. ಐವತ್ತರ ದಶಕದ ಲಂಡನ್ನಿನ ದರ್ಜಿಯೊಬ್ಬನ ಕಥೆಗೆ ರೇಷ್ಮೆಯಂಥ ಪಿಯಾನೊ, ತುಂಬು ತಂತಿವಾದ್ಯ. ಮೊದಲ ಆಸ್ಕರ್ ನಾಮನಿರ್ದೇಶನ ಅದಕ್ಕೆ ಬಂತು. ಎರಡನೆಯದು 2021ರ ‘ದ ಪವರ್ ಆಫ್ ದ ಡಾಗ್’ಗೆ. ಅಮೆರಿಕದ ಹಳ್ಳಿಗಾಡಿನ ಕಥೆಯೆಂದರೆ ಬ್ಯಾಂಜೊ ಬರಬೇಕು ಎನ್ನುವುದು ರೂಢಿ. ಈತ ಚೆಲ್ಲೊವನ್ನು ಬ್ಯಾಂಜೊ ಹಾಗೆ ಬೆರಳಲ್ಲಿ ಮೀಟಿ ಬಾರಿಸಲು ಕಲಿತ. ಪರಿಚಿತವಾದದ್ದು ಕೇಳಿಸುತ್ತದೆ, ಆದರೆ ಎಲ್ಲೋ ಒಂದು ಮುಳ್ಳು ಚುಚ್ಚುತ್ತದೆ. ಆ ವರ್ಷ ಆಸ್ಕರ್ ಹೋದದ್ದು ‘ಡ್ಯೂನ್’ ಚಿತ್ರದ ಹ್ಯಾನ್ಸ್ ಜಿಮ್ಮರ್‌ಗೆ, ಆ ಹಳೆಯ ವಿಡಿಯೊದ ಕೀಬೋರ್ಡ್ ಹುಡುಗನಿಗೆ.

ನನಗೆ ಹೆಚ್ಚು ಪ್ರಿಯವಾದದ್ದು ಇವು ಯಾವುವೂ ಅಲ್ಲ. 2014ರಲ್ಲಿ ಆತ ಆಸ್ಟ್ರೇಲಿಯಾದ ಒಂದು ಆರ್ಕೆಸ್ಟ್ರಾಕ್ಕೆ ಬರೆದ ‘ವಾಟರ್’ ಕೃತಿಯಲ್ಲಿ ತಂತಿವಾದ್ಯಗಳ ನಡುವೆ ನಮ್ಮ ತಂಬೂರಿಯಿದೆ. 2015ರಲ್ಲಿ ಜೋಧ್‌ಪುರದ ಮೆಹ್ರಾನ್‌ಗಢ ಕೋಟೆಗೆ ಬಂದ. ಭಾರತದಲ್ಲಿ ನೆಲೆಸಿ ಕಲಿತ ಇಸ್ರೇಲಿ ಸಂಯೋಜಕ ಶಾಯ್ ಬೆನ್ ತ್ಸುರ್, ರಾಜಸ್ಥಾನದ ಕವ್ವಾಲರು, ಮಾಂಗಣಿಯಾರರು, ಬ್ಯಾಂಡ್‌ಸೆಟ್ಟಿನವರು ಕೂಡಿ ‘ಜುನೂನ್’ ಎಂಬ ಆಲ್ಬಮ್ ಮಾಡಿದರು. ಆಂಡರ್‌ಸನ್ ಅದನ್ನೇ ಸುಮಾರು ಐವತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡಿದ. ರಾಗಕ್ಕೆ ಪಾಶ್ಚಾತ್ಯ ಸ್ವರಮೇಳಗಳನ್ನು ಹೊದಿಸುವುದು ಬೇಡವೆಂದು ಗ್ರೀನ್‌ವುಡ್ ಎಚ್ಚರವಹಿಸಿದ್ದ. ಚಿತ್ರದಲ್ಲಿ ಆತ ಹೆಚ್ಚು ಕಾಣಿಸುವುದೂ ಇಲ್ಲ; ಗಿಟಾರ್ ಹಿಡಿದು, ತಲೆ ಬಗ್ಗಿಸಿ, ಉಳಿದವರ ನಡುವೆ ನೆಲದ ಮೇಲೆ ಕೂತಿರುತ್ತಾನೆ. ಕರೆಂಟು ಹೋಗುತ್ತದೆ. ಪಾರಿವಾಳ ಒಳಗೆ ಬರುತ್ತದೆ. ಒಂದು ಹಾರ್ಮೋನಿಯಂ ಶ್ರುತಿ ಮಾಡಿಸಿಕೊಳ್ಳುತ್ತದೆ.

ಆ ಹಾರ್ಮೋನಿಯಂ ನೋಡುತ್ತ ನನಗೆ ನಗು ಬಂತು. ಯುರೋಪಿನಿಂದ ಬಂದ ವಾದ್ಯ. ನಮ್ಮ ಮೀಂಡು, ಶ್ರುತಿಗಳು ಅದಕ್ಕೆ ದಕ್ಕುವುದಿಲ್ಲ, ನಮ್ಮದಲ್ಲದ್ದು ಎಂದು 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಅದನ್ನು ನಿಷೇಧಿಸಿತ್ತು. ಮೂರು ದಶಕ ಅದು ರೇಡಿಯೊದ ಬಾಗಿಲ ಹೊರಗೇ ನಿಂತಿತ್ತು. ಒಳಗೆ ಬರುವ ಹೊತ್ತಿಗೆ ಅದಿಲ್ಲದೆ ಕವ್ವಾಲಿಯಿಲ್ಲ, ಭಜನೆಯಿಲ್ಲ, ಕಂಪನಿ ನಾಟಕವಿಲ್ಲ. ಯಾವುದು ಮೂಲ, ಯಾವುದು ಬೆರಕೆ ಎಂಬ ತೀರ್ಮಾನವನ್ನು ಸಂಸ್ಥೆಗಳು ತಮ್ಮ ತಮ್ಮ ಕಾಲಕ್ಕೆ ಮಾಡುತ್ತವೆ. ಸಂಗೀತ ಅಷ್ಟರಲ್ಲಿ ಮುಂದಿನ ಮನೆಗೆ ಹೋಗಿರುತ್ತದೆ.

ನಮ್ಮ ಗುರುಗಳು ಈಗಿಲ್ಲ. ಆ ಎರಡು ವರ್ಷದ ಒಂದೇ ಒಂದು ಕ್ಯಾಸೆಟ್ ನನ್ನ ಬಳಿ ಉಳಿದಿದೆ. ಕಳೆದ ತಿಂಗಳು ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ಹುಡುಕಿ ತಂದು ಹಾಕಿದೆ. ಮೊದಲಿಗೆ ಬರೀ ಗೊರಗೊರ. ಅದರೊಳಗಿಂದ ನಿಧಾನವಾಗಿ ತಂಬೂರಿ, ಆಮೇಲೆ ಅವರ ದನಿ, ಭೀಮಪಲಾಸದ ಒಂದು ತುಣುಕು. ಅದರ ಹಿಂದೆಯೇ ಒಡೆಯುತ್ತಿರುವ ಗಂಟಲಿನ ಒಬ್ಬ ಹುಡುಗ ಅದನ್ನೇ ಹಾಡುತ್ತಾನೆ. ಅವರ ಹಾಗೆ ಹಾಡಲು ಎಷ್ಟು ಹೆಣಗಿದರೂ ಅದು ಅವರ ಹಾಗಿಲ್ಲ. ಆ ವಯಸ್ಸಿನಲ್ಲಿ ನನಗೆ ಅದರಲ್ಲಿ ತಪ್ಪು ಮಾತ್ರ ಕೇಳಿಸಿತ್ತು. ಟೇಪು ಹಿಂದೆ ಸುತ್ತಿ ಇನ್ನೊಮ್ಮೆ ಕೇಳಿದೆ.